ಪಾಯಸಕ್ಕೆ ಕೈಯಾಡಿಸುತ್ತಿದ್ದಾಗ

ನನ್ನ ಅತ್ತೆ ತಮ್ಮ ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ವೆಸ್ಟ್ ಮಾಂಬಲಂನ ನಮ್ಮ ಮನೆಯ ಹಾಲ್‌ನಲ್ಲಿ ಕೂತು, ಜೀವನದಲ್ಲಿ ಮೊಟ್ಟಮೊದಲ ಬಾರಿಗೆ ತಪ್ಪಿಲ್ಲದ ಇಂಗ್ಲಿಷ್‌ನಲ್ಲಿ ಎರಡು ವಾಕ್ಯ ಹೇಳಿದರು. ನಾನು ಮೊದಲು ಚಪ್ಪಾಳೆ ತಟ್ಟಿದೆ. ಅವರು ಹೇಳಿದ್ದೇನೆಂದು ತಲೆಗೆ ಹೋದದ್ದು ಆಮೇಲೆ. ಅಪ್ಪ ತೀರಿಕೊಂಡ ದಿನದ ಬಗ್ಗೆ ಹನ್ನೊಂದು ವರ್ಷದಿಂದ ನಾನು ನಂಬಿಕೊಂಡು ಬಂದದ್ದು ಸುಳ್ಳೆಂದು ಆ ಎರಡು ವಾಕ್ಯಗಳಿಂದ ಗೊತ್ತಾಯಿತು.

ನಾನು ಮೂವತ್ತು ವರ್ಷ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದವಳು. ತಪ್ಪು ಕಂಡರೆ ಸುಮ್ಮನಿರಲಾರೆ. ಮದುವೆಯ ಕರೆಯೋಲೆ ಬಂದರೂ ಮುಹೂರ್ತ ನೋಡುವ ಮೊದಲು ಕಾಗುಣಿತ ನೋಡುತ್ತೇನೆ. ನಿವೃತ್ತಿಯಾದ ಮೇಲೆ ಈ ಚಾಳಿಗೆ ಆಹಾರವಿಲ್ಲದೆ ಮನೆಯವರ ಮೇಲೆ ಹರಿಹಾಯುತ್ತಿದ್ದೆ. ಆಗ ನಮ್ಮ ಬೀದಿಯ ಕೊನೆಯ ಸಸ್ಯಾಹಾರಿ ಹೋಟೆಲಿನ ಸೂಪರ್‌ವೈಸರ್ ಒಂದು ದಿನ ಬಂದು, ಇಂಗ್ಲಿಷ್ ಹೇಳಿಕೊಡುತ್ತೀರಾ ಎಂದು ಕೇಳಿದರು. ಮನೆಯವರೆಲ್ಲ ನನಗಿಂತ ಮೊದಲು ಒಪ್ಪಿಕೊಂಡರು.

ಅವರು ಕುಂದಾಪುರದ ಕಡೆಯವರು. ನಲವತ್ತೈದು ದಾಟಿದ ವಯಸ್ಸು, ಇಸ್ತ್ರಿ ಮಾಡಿದ ಬಿಳಿ ಶರ್ಟು, ಎಷ್ಟು ತೊಳೆದರೂ ಬಿಡದ ಇಂಗಿನ ವಾಸನೆ. ಹೋಟೆಲಿನವರು ಶೋಳಿಂಗನಲ್ಲೂರಿನಲ್ಲಿ, ಐಟಿ ಕಂಪನಿಗಳ ನಡುವೆ, ಹೊಸ ಶಾಖೆ ತೆರೆಯುವುದರಲ್ಲಿದ್ದರು. ಅದರ ಹೊಣೆ ಇವರಿಗೆ. ಆದರೆ ದಿನದ ವರದಿಯನ್ನು ಓದುವುದು ಯಜಮಾನರ ಮಗಳು. ಆಕೆ ಇಲ್ಲಿಯೇ, ತಮಿಳರ ನಡುವೆ, ಓದಿ ಬೆಳೆದವಳು, ಕನ್ನಡ ಅರ್ಥವಾಗುತ್ತದೆ, ಓದಲು ಬಾರದು. ಹಾಗಾಗಿ ವರದಿ ಇಂಗ್ಲಿಷ್‌ನಲ್ಲೇ ಆಗಬೇಕು. ಮಧ್ಯಾಹ್ನದ ಊಟದ ಗಲಾಟೆ ಮುಗಿದು ಸಂಜೆಯ ಟಿಫಿನ್ ಶುರುವಾಗುವುದರೊಳಗೆ, ಮೂರರಿಂದ ನಾಲ್ಕೂವರೆಯವರೆಗೆ, ಅವರು ಬಂದು ಕೂರುತ್ತಿದ್ದರು.

ಆ ಹೊತ್ತಿಗೆ ನನ್ನ ಗಂಡ ಕಚೇರಿಯಲ್ಲಿರುತ್ತಾರೆ. ಮನೆಗೆ ಪರಗಂಡಸೊಬ್ಬರು ಬರುವಾಗ ಸೊಸೆಯೊಬ್ಬಳನ್ನೇ ಬಿಡುವುದುಂಟೇ? ಸೊಸೆಗೆ ಅರವತ್ತು ಸಮೀಪಿಸಿದರೂ ಅತ್ತೆಗೆ ಅದೇ ಲೆಕ್ಕ. ಹತ್ತಿಯ ಬುಟ್ಟಿ ತಂದು ಹಾಲ್‌ನ ಮೂಲೆಯಲ್ಲಿ ಕೂತು ಹೂಬತ್ತಿ ಹೊಸೆಯುತ್ತಿದ್ದರು. ಕಾವಲಿಗೆ ಕೂತವರು ಮೊದಲ ವಾರ ತೂಕಡಿಸಿದರು. ಎರಡನೆಯ ವಾರ ಕಿವಿಗೊಟ್ಟರು. ಮೂರನೆಯ ವಾರದಿಂದ ನಮ್ಮ ನಡುವೆ ಬಾಯಿ ಹಾಕತೊಡಗಿದರು.

ಸೂಪರ್‌ವೈಸರಿಗೆ ಇಂಗ್ಲಿಷ್ ಬಾರದೆಂದಲ್ಲ. ತೊಂದರೆಯೆಲ್ಲ ಭೂತಕಾಲದಲ್ಲಿ. ಅವರಿಗೆ 'ವಾಸ್' ಎಂದರೆ ಕೊತ್ತಂಬರಿ ಸೊಪ್ಪು. ಎಲ್ಲದರ ಮೇಲೂ ಉದುರಿಸಿದರೆ ಮರ್ಯಾದೆ ಎಂಬ ಭಾವನೆ. ಕಸ್ಟಮರ್ ವಾಸ್ ಕಮ್, ಐ ವಾಸ್ ಗಿವ್ ವಾಟರ್, ಹಿ ವಾಸ್ ಗೋ. ನಾನು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದಷ್ಟೂ ಮರುದಿನ ಮತ್ತೆ ಚಿಗುರುತ್ತಿತ್ತು. ಒಂದು ಮಧ್ಯಾಹ್ನ ಅವರು ಪೆನ್ನು ಕೆಳಗಿಟ್ಟರು.

"ಎರಡೂ ಮುಗ್ದ್ ಹೋದ್ದೇ ಅಲ್ದಾ ಮೇಡಂ? ಮುಗ್ದದ್ರಲ್ಲಿ ಮತ್ತೆ ಎಂತ ಭೇದ?"

"ಆರ್ಡರ್ ಬಂದಾಗ ದೋಸೆ ಕಲ್ಲಿನ ಮೇಲಿತ್ತಾ, ತಟ್ಟೆಯಲ್ಲಿತ್ತಾ? ಕಲ್ಲಿನ ಮೇಲಿದ್ರೆ ವಾಸ್ ಕುಕಿಂಗ್. ತಟ್ಟೆಗೆ ಬಂದಿದ್ರೆ ಮುಗೀತು, ಕುಕ್ಡ್."

ಅವರು ಗಾಳಿಯಲ್ಲೇ ಒಂದು ದೋಸೆ ಮಗುಚಿದರು. "ಅಂದ್ರೆ ಮಗುಚುಕೆ ಇನ್ನೂ ಟೈಮ್ ಇದ್ರೆ ವಾಸ್" ಎಂದರು.

ಮೂವತ್ತು ವರ್ಷ ಕರಿಹಲಗೆಯ ಮೇಲೆ ಗೀಟು ಎಳೆದು, ಬಾಣ ಬರೆದು ವಿವರಿಸಿದ ನನಗೆ ಇಷ್ಟು ಚಿಕ್ಕದಾಗಿ ಹೇಳಲು ಹೊಳೆದಿರಲಿಲ್ಲ. ಮೂಲೆಯಿಂದ ಅತ್ತೆ, ತಮ್ಮ ತಮಿಳು ಬೆರೆತ ಕನ್ನಡದಲ್ಲಿ, "ಶರಿಯಾಗಿ ಹೇಳಿದ್ರು ನೋಡು. ನೀನು ಸುಮ್ನೆ ಸುತ್ತಿ ಬಳಸಿ ಹೇಳ್ತೀಯ" ಎಂದರು. ಆವತ್ತು ನನಗೆ ಕೋಪವೂ ಬಂತು, ನಗುವೂ ಬಂತು.

ಈ ಪಾಠಕ್ಕೆ ಇಂಗ್ಲಿಷ್ ಪುಸ್ತಕಗಳಲ್ಲಿ ಒಂದು ಕಾಯಂ ಉದಾಹರಣೆಯಿದೆ. ಯಾರೋ ಯಾರಿಗಾಗಿಯೋ ಕಾಯುತ್ತಿರುತ್ತಾರೆ, ಅಷ್ಟರಲ್ಲಿ ಏನೋ ಆಗುತ್ತದೆ. ಹನ್ನೊಂದು ವರ್ಷದಿಂದ ನಾನು ಆ ಉದಾಹರಣೆಯನ್ನು ತರಗತಿಯಲ್ಲಿ ಬಾಯಿಗೆ ತಂದಿಲ್ಲ. ಪುಸ್ತಕದಲ್ಲಿದ್ದರೆ ಹಾರಿಸಿ ಮುಂದೆ ಹೋಗುತ್ತಿದ್ದೆ. ಏಕೆಂದರೆ ಆ ವಾಕ್ಯ ನನ್ನದು. ಪ್ರಾಣ ಹೋದಾಗ ಅಪ್ಪ ನನಗಾಗಿ ಕಾಯುತ್ತಿದ್ದರು. ವ್ಯಾಕರಣದ ದೃಷ್ಟಿಯಿಂದ ಅದರಲ್ಲಿ ಒಂದೂ ತಪ್ಪಿರಲಿಲ್ಲ.

ಆ ದಿನ ನಡೆದದ್ದು ಹೀಗೆ. ಅಪ್ಪ ಪೋರೂರಿನ ಒಂದು ಆಸ್ಪತ್ರೆಯಲ್ಲಿದ್ದರು. ಎದೆನೋವೆಂದು ಸೇರಿಸಿ ನಾಲ್ಕು ದಿನವಾಗಿತ್ತು, ಚೇತರಿಸಿಕೊಂಡಿದ್ದರು, ಮರುದಿನ ಮನೆಗೆ ಕಳಿಸುವ ಮಾತಿತ್ತು. ಅದೇ ದಿನ ನಮ್ಮ ಮನೆಯಲ್ಲಿ ನನ್ನ ಮಾವನವರ ಶ್ರಾದ್ಧ. ನಾನು ಅಡುಗೆಗೆ ನಿಲ್ಲಬೇಕಿತ್ತು, ಆದರೆ ಪಬ್ಲಿಕ್ ಪರೀಕ್ಷೆಯ ಮೇಲ್ವಿಚಾರಣೆ ಬಿದ್ದಿತ್ತು, ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಅತ್ತೆ ಒಬ್ಬರೇ ಬೆಳಗ್ಗೆ ಐದಕ್ಕೆ ಮಡಿಯುಟ್ಟು ಒಲೆಯ ಮುಂದೆ ನಿಂತರು. ಶ್ರಾದ್ಧದ ಮಡಿಯೆಂದರೆ ನಮ್ಮಲ್ಲಿ ಆಟವಲ್ಲ. ಒಗೆದು ಎತ್ತರದ ಗಳುವಿನ ಮೇಲೆ, ಯಾರೂ ಮುಟ್ಟದಂತೆ ಒಣಗಿಸಿದ ಸೀರೆ ಉಟ್ಟವರು ಆಮೇಲೆ ಯಾರನ್ನೂ, ಮಡಿಯಲ್ಲದ ಯಾವುದನ್ನೂ ಮುಟ್ಟಬಾರದು. ಮುಟ್ಟಿದರೆ ಆವರೆಗಿನ ಅಡುಗೆಯೆಲ್ಲ ಮೈಲಿಗೆ. ಚೆಲ್ಲಿ, ಮತ್ತೆ ತಲೆಗೆ ಸ್ನಾನ ಮಾಡಿ, ಮೊದಲಿಂದ ಶುರು ಮಾಡಬೇಕು.

ಪರೀಕ್ಷೆಯ ಕೋಣೆಗೆ ಹೋಗುವಾಗ ಮೊಬೈಲನ್ನು ಶಾಲೆಯ ಆಫೀಸಿನಲ್ಲಿ ಒಪ್ಪಿಸಿ ಹೋಗಬೇಕು. ಒಂದೂವರೆಗೆ ವಾಪಸ್ಸು ತೆಗೆದುಕೊಂಡು ನೋಡಿದರೆ ನನ್ನ ತಮ್ಮನ ಆರು ಮಿಸ್ಡ್ ಕಾಲ್. ಆಟೋದಲ್ಲಿ ಪೋರೂರು ಮುಟ್ಟುವಷ್ಟರಲ್ಲಿ ಅಪ್ಪನ ಮುಖದ ಮೇಲೆ ಬಟ್ಟೆ ಎಳೆದಿದ್ದರು. ಹನ್ನೆರಡೂವರೆಗೆ ನಿದ್ದೆಯಲ್ಲೇ ಹೋಯಿತಂತೆ ಪ್ರಾಣ. ವಾರ್ಡಿನ ನರ್ಸ್ ನನ್ನ ಕೈಹಿಡಿದು, "ಕಾಲೈಯಿಲೆ ವೀಟ್ಟುಕ್ಕು ಫೋನ್ ಪೋಡಚ್ ಚೊನ್ನಾರು ಮಾ" ಎಂದಳು. ಬೆಳಗ್ಗೆ ಒಂಬತ್ತೂವರೆಗೆ ಮಗಳ ಮನೆಗೆ ಫೋನ್ ಹಾಕಿಕೊಡು ಎಂದು ಕೇಳಿದರಂತೆ. ಅಪ್ಪನಿಗೆ ಬಾಯಿಪಾಠವಿದ್ದದ್ದು ನಮ್ಮ ಲ್ಯಾಂಡ್‌ಲೈನ್ ನಂಬರ್ ಒಂದೇ. ಅವಳು ಹಾಕಿಕೊಟ್ಟು, ಎತ್ತದಿದ್ದರೆ ಮತ್ತೆ ಒತ್ತಿ ಎಂದು ಗುಂಡಿ ತೋರಿಸಿ, ಬೇರೆ ಹಾಸಿಗೆಯ ಕಡೆ ಹೋದಳಂತೆ. ಮಾತಾಡಿದರೋ ಇಲ್ಲವೋ ಅವಳಿಗೆ ಗೊತ್ತಿಲ್ಲ.

ಮನೆಗೆ ಬಂದು ಕೇಳಿದೆ. ಬೆಳಗ್ಗೆ ಒಂಬತ್ತೂವರೆಯ ಹೊತ್ತಿಗೆ ನನ್ನ ಗಂಡ ಎಳ್ಳು, ದರ್ಭೆ ತರಲು ಹೊರಗೆ ಹೋಗಿದ್ದರು. ಅತ್ತೆ ತಲೆ ಎತ್ತದೆ, "ಫೋನ್ ಬರಲಿಲ್ಲ" ಎಂದರು. ಮನೆಯಲ್ಲಿ ಒಬ್ಬರಿದ್ದೂ ಫೋನ್ ಬಡಿದಿಲ್ಲವೆಂದರೆ ಲೈನಿನ ದೋಷ, ಇನ್ನೇನು? ದೂರು ಕೊಟ್ಟೆವು. ಹದಿನೈದು ದಿನ ಬಿಟ್ಟು ಬಂದ ಲೈನ್‌ಮ್ಯಾನ್ ಎಲ್ಲ ಪರೀಕ್ಷಿಸಿ, ಲೈನ್ ಚೆನ್ನಾಗಿಯೇ ಇದೆ ಎಂದ. ನಾನು ಅವನನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು ಬಾಯಿಗೆ ಬಂದಂತೆ ಬೈದೆ. ನಿನ್ನ ಅಪ್ಪ ಸಾಯುವಾಗ ನಿನಗೂ ಹೀಗೇ ಆಗಲಿ ಎಂದೆ. ಅವನು ಸಾಮಾನಿನ ಚೀಲ ಹೆಗಲಿಗೇರಿಸಿಕೊಂಡು ತಲೆ ತಗ್ಗಿಸಿ ಮೆಟ್ಟಿಲಿಳಿದು ಹೋದ. ಅತ್ತೆ ಒಳಗಿದ್ದರು. ಎಲ್ಲ ಕೇಳಿಸಿರಬೇಕು.

ಈಗ ಆ ಮಧ್ಯಾಹ್ನಕ್ಕೆ ಬರುತ್ತೇನೆ. ಕಳೆದ ಮಾಘಮಾಸದ ಒಂದು ದಿನ. ಫೋನ್ ಬಂದಾಗ ನೀವು ಏನು ಮಾಡುತ್ತಿದ್ದಿರಿ, ಆಮೇಲೆ ಏನು ಮಾಡಿದಿರಿ, ಎರಡು ವಾಕ್ಯ ಹೇಳಿ ಎಂದು ಸೂಪರ್‌ವೈಸರಿಗೆ ಕೊಟ್ಟಿದ್ದೆ. ಅವರು ಕಣ್ಣು ಮುಚ್ಚಿ, ಒಂದೊಂದೇ ಪದ ಇಟ್ಟು ಹೇಳಿದರು. ವೆನ್ ದಿ ಫೋನ್ ರ್ಯಾಂಗ್, ಐ ವಾಸ್ ಸ್ಟರಿಂಗ್ ಸಾಂಬಾರ್. ಐ ಡಿಡ್ ನಾಟ್ ಟೇಕ್ ದಿ ಫೋನ್. ನಾನು ಭೇಷ್ ಎಂದೆ. ಅವರ ಮುಖ ಅರಳಿತು.

"ಕೊಂಚ ಇರೇ, ನಾನೂ ಒಂದ್ ಹೇಳ್ತೀನಿ" ಎಂದರು ಅತ್ತೆ. ಬತ್ತಿ ಹೊಸೆಯುತ್ತಲೇ, ಸ್ತೋತ್ರ ಒಪ್ಪಿಸುವ ರಾಗದಲ್ಲಿ ಹೇಳಿದರು. ವೆನ್ ದಿ ಫೋನ್ ರ್ಯಾಂಗ್, ಐ ವಾಸ್ ಸ್ಟರಿಂಗ್ ಪಾಯಸ. ಐ ಟುಕ್ ದಿ ಫೋನ್.

ನಾನು ಚಪ್ಪಾಳೆ ತಟ್ಟಿದ್ದು ಆಗ. ಸೂಪರ್‌ವೈಸರ್ ಕೂಡ ತಟ್ಟಿದರು. ಛೇಡಿಸೋಣವೆನಿಸಿತು. "ಏನತ್ತೆ, ಇಂಗ್ಲಿಷ್ ಸರಿ, ಸುಳ್ಳು ಮಾತ್ರ ದೊಡ್ಡದಾಯ್ತು. ಪಾಯಸ ಮಾಡೋವಾಗ ನೀವು ಮಡಿಯಲ್ಲಿರ್ತೀರಿ. ನಾನು ಹತ್ತಿರ ಬಂದ್ರೇ ದೂರ ದೂರ ಅಂತೀರಿ. ಫೋನ್ ಯಾವಾಗ ಮುಟ್ಟಿದ್ರಿ?"

ಬತ್ತಿ ಹೊಸೆಯುವ ಕೈ ನಿಂತಿತು. ಅತ್ತೆ ನನ್ನನ್ನು ನೋಡಿದರು. ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದ ಮಕ್ಕಳ ಮುಖ ನಾನು ಬೇಕಾದಷ್ಟು ನೋಡಿದ್ದೇನೆ. ಎಪ್ಪತ್ತೊಂಬತ್ತರ ಮುಖದಲ್ಲಿ ಅದನ್ನು ನೋಡಿದ್ದು ಅದೇ ಮೊದಲು.

"ಒಂದೇ ಸಲ" ಎಂದರು. "ನಿಮ್ಮಪ್ಪನ ಫೋನು."

ಫ್ಯಾನು ತಿರುಗುತ್ತಿದ್ದದ್ದು, ಮಾಳಿಗೆಯ ಮೇಲೆ ಮೀನಂಬಾಕ್ಕಂ ನಿಲ್ದಾಣದ ಕಡೆಯ ವಿಮಾನದ ಸದ್ದು ಹಾದುಹೋದದ್ದು, ಎಲ್ಲ ನೆನಪಿದೆ. ಸೂಪರ್‌ವೈಸರ್ ನಮ್ಮಿಬ್ಬರ ಮುಖ ನೋಡಿದರು. ನೋಟ್‌ಪುಸ್ತಕ ಮುಚ್ಚಿ, "ಟಿಫಿನ್ ಟೈಮ್ ಆತ್ ಮೇಡಂ, ನಾನ್ ನಾಳೆ ಬತ್ತೆ" ಎಂದು ಎದ್ದರು. ಗಡಿಯಾರದಲ್ಲಿ ಮೂರೂವರೆ. ಹೋಗುವಾಗ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದರು. ಒಳ್ಳೆಯ ಮನುಷ್ಯ.

ಅತ್ತೆ ಹೇಳಿದ್ದನ್ನು ಹೇಳಿದ ಕ್ರಮದಲ್ಲೇ ಬರೆಯುತ್ತೇನೆ. ಫೋನ್ ಮೊದಲ ಸಲ ಬಡಿದು ನಿಂತಿತು. ಎರಡನೆಯ ಸಲವೂ ಬಡಿದು ನಿಂತಿತು. ಮೂರನೆಯ ಸಲ ಆಸ್ಪತ್ರೆಯದೇ ಇರಬಹುದೆಂದು ಎದೆ ಹೊಡೆದುಕೊಂಡಿತಂತೆ. ಪಾಯಸದ ಉರಿ ಸಣ್ಣ ಮಾಡಿ ನಡುಮನೆಗೆ ಬಂದರು. ಮುಟ್ಟದೆ ಹೇಗೆ ಮಾತಾಡುವುದು? ಬಾಳೆ ಎಲೆಯ ದಂಟಿನಿಂದ ಸ್ಪೀಕರ್ ಗುಂಡಿ ಒತ್ತಲು ನೋಡಿದರು. ದಂಟು ಬಗ್ಗಿತೇ ಹೊರತು ಗುಂಡಿ ಒತ್ತಲಿಲ್ಲ. ಕೊನೆಗೆ ಕೈಯಿಂದಲೇ ಎತ್ತಿದರು.

"ಅಪ್ಪ ಮಾತಾಡಿದ್ರಾ?" ಎಂದೆ.

"ಮಾತಾಡಿದ್ರು. ಗಟ್ಟಿಯಾಗೇ ಮಾತಾಡಿದ್ರು. ಮಗು ಸ್ಕೂಲಿಗೆ ಹೋದ್ಲಾ ಅಂದ್ರು. ಹೋದ್ಲು, ಒಂದೂವರೆಗೆ ಬರ್ತಾಳೆ ಅಂದೆ. ಬಂದ ತಕ್ಷಣ ಇಲ್ಲಿಗೆ ಓಡಿ ಬರೋದು ಬೇಡ, ಊಟ ಮುಗಿಸಿಕೊಂಡೇ ಬರಕ್ಕೆ ಹೇಳಿ, ನಾನು ಚೆನ್ನಾಗಿದೀನಿ, ಅವಳಿಗೆ ಶ್ರಾದ್ಧದ ವಡೆ ಅಂದ್ರೆ ಪ್ರಾಣ, ಬಿಟ್ಟು ಬಂದ್ರೆ ನನಗೆ ಸಮಾಧಾನ ಇರಲ್ಲ ಅಂದ್ರು. ಹೇಳಿ ನಕ್ಕರು."

ಅತ್ತೆ ಹತ್ತಿಯ ಬುಟ್ಟಿಯನ್ನು ಬದಿಗೆ ಸರಿಸಿದರು.

"ಅಪ್ಪುರಂ, ನಕ್ಕಾದ ಮೇಲೆ, ಅವರಿಗೆ ಹೊಳೀತು. ಇವತ್ತು ನಿಮ್ಮ ಯಜಮಾನರ ತಿಥಿ, ನೀವು ಮಡಿಯಲ್ಲಿದ್ರಾ, ಅಯ್ಯೋ, ಯಾಕೆ ತಗೊಂಡ್ರಿ ಅಂದ್ರು. ನನಗೆ ಅಳು ಬಂತು. ಪಾವಂ ಅವರು, ಅವರೇ ಸಮಾಧಾನ ಮಾಡಿದ್ರು. ಅಮ್ಮಾ, ನಾನು ಫೋನೇ ಮಾಡಿಲ್ಲ, ನೀವು ತಗೊಂಡೇ ಇಲ್ಲ, ನಾನು ಯಾರಿಗೂ ಹೇಳಲ್ಲ, ನೀವೂ ಹೇಳಬೇಡಿ, ಹೋಗಿ ಕೆಲಸ ನೋಡಿ ಅಂದು ಇಟ್ಟುಬಿಟ್ರು."

ಇಟ್ಟ ಮೇಲೆ ಅತ್ತೆ ಗಡಿಯಾರ ನೋಡಿದರಂತೆ. ಬ್ರಾಹ್ಮಣರು ಬರಲು ಒಂದೂವರೆ ಗಂಟೆಯಷ್ಟೇ ಉಳಿದಿತ್ತು. ಎಲ್ಲ ಚೆಲ್ಲಿ ಮೊದಲಿಂದ ಮಾಡಲು ಸಾಧ್ಯವೇ ಇರಲಿಲ್ಲ. ಒಣಗಿದ ಇನ್ನೊಂದು ಮಡಿಸೀರೆಯೂ ಇರಲಿಲ್ಲ. ಕೈ ತೊಳೆದುಕೊಂಡು ಮತ್ತೆ ಪಾಯಸಕ್ಕೆ ಕೈಯಾಡಿಸಿದರು. ಆ ಅಡುಗೆಯೇ ನೈವೇದ್ಯವಾಯಿತು, ಅದನ್ನೇ ಬ್ರಾಹ್ಮಣರಿಗೆ ಬಡಿಸಿದರು, ಅದೇ ಅನ್ನದಿಂದ ನನ್ನ ಗಂಡ ಪಿಂಡ ಇಟ್ಟರು.

ನಮ್ಮ ಮನೆತನದ ಹೊರಗಿನವರಿಗೆ ಇದು ಏನು ಮಹಾ ಎನಿಸಬಹುದು. ನನಗೆ ಹಾಗೆನಿಸಲಿಲ್ಲ. ಲೋಟ ತಗುಲಿದರೆ ಲೋಟ ತೊಳೆಯುವ, ತೊಳೆದ ಕೈಯನ್ನೂ ಮತ್ತೆ ತೊಳೆದುಕೊಳ್ಳುವ ಹೆಂಗಸು ಇವರು. ತಾವು ಕಟ್ಟಿಕೊಂಡ ಗಂಡನ ಶ್ರಾದ್ಧದಲ್ಲಿ, ತಿಳಿದೂ ತಿಳಿದೂ, ಮೈಲಿಗೆಯ ಅನ್ನ ಬಡಿಸಿ ಹನ್ನೊಂದು ವರ್ಷ ಬಾಯಿ ಹೊಲಿದುಕೊಂಡಿದ್ದರು. ಫೋನ್ ಬಂದಿತ್ತೆಂದು ನನಗೆ ಹೇಳಿದರೆ ಫೋನ್ ಎತ್ತಿದ್ದೂ ಹೊರಬೀಳುತ್ತಿತ್ತು. ಹಾಗಾಗಿ ಎರಡನ್ನೂ ಒಟ್ಟಿಗೆ ಹೂತುಬಿಟ್ಟರು. ಕನ್ನಡದಲ್ಲಿ ಅವರ ಬಾಯಿಂದ ಎಂದೂ ಬಾರದಿದ್ದದ್ದು ಇಂಗ್ಲಿಷಿನಲ್ಲಿ ಬಂದದ್ದು ಹೇಗೋ. ಆ ಭಾಷೆಯಲ್ಲಿ ಮಡಿಯೂ ಇಲ್ಲ, ಗಂಡನೂ ಇಲ್ಲ, ಬರೀ ಪಾಠದ ವಾಕ್ಯ ಎನಿಸಿರಬೇಕು.

ಮೊದಲು ಬಂದದ್ದು ಸಿಟ್ಟು. "ಅಪ್ಪ ಸತ್ತು ಹೋದ್ರು ಅಂತ ಗೊತ್ತಾದ ಮೇಲಾದ್ರೂ ಹೇಳಬಹುದಿತ್ತಲ್ಲ. ನಾನು ಆ ಲೈನ್‌ಮ್ಯಾನ್‌ಗೆ ಶಾಪ ಹಾಕಿದಾಗ ನೀವು ಒಳಗೇ ಇದ್ರಿ. ಅಪ್ಪ ನನ್ನ ದಾರಿ ಕಾಯ್ತಾ ಕಾಯ್ತಾ ಹೋದ್ರು ಅಂತ ನಾನು ಹನ್ನೊಂದು ವರ್ಷ ನರಳಿದೀನಿ, ನೀವು ನೋಡ್ತಾ ಇದ್ರಿ."

"ಹೇಳಬಾರದು ಅಂತ ಅವರೇ ಹೇಳಿದ್ರಲ್ಲ" ಎಂದರು ಅತ್ತೆ. ಆ ನೆಪ ಅವರಿಗೂ ಸಾಲದೆನಿಸಿತೇನೋ. ಹೊಸೆದಿಟ್ಟ ಬತ್ತಿಯೊಂದನ್ನು ಬಿಚ್ಚುತ್ತಾ, "ನನಗೆ ಭಯ" ಎಂದರು. ಆಮೇಲೆ ತುಂಬ ಸಣ್ಣ ದನಿಯಲ್ಲಿ, "ಆ ವರ್ಷದ್ದು ಅವರಿಗೆ ಸೇರಿತಾ ಇಲ್ವಾ ಅಂತ ಯಾರನ್ನ ಕೇಳಲಿ? ನಿನಗೇನು ಅನ್ಸತ್ತೆ?" ಎಂದರು.

ಗೊತ್ತಿಲ್ಲ ಎಂದೆ. ನಿಜವನ್ನೇ ಹೇಳಿದೆ, ಆದರೆ ನೋಯಲಿ ಎಂದೇ ಹೇಳಿದೆ. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಒಳಗೆ ಕೂತಾಗ ಇನ್ನೊಂದು ಸಂಗತಿ ಬಡಿಯಿತು. ಅಪ್ಪ ನನಗಾಗಿ ಕಾದಿರಲೇ ಇಲ್ಲ. ನಿಧಾನವಾಗಿ ಬಾ ಎಂದು ಹೇಳಿ, ನಕ್ಕು, ಬೀಗಿತ್ತಿಯ ಮಾನ ಕಾಪಾಡಿ, ಮಲಗಿದ್ದರು. ನನ್ನ ತಮ್ಮ ಹತ್ತೂವರೆಗೆ ಆಸ್ಪತ್ರೆಗೆ ಬಂದಾಗಲೂ, ಕೊಟ್ಟ ಮಾತಿನಂತೆ, ಫೋನಿನ ವಿಷಯ ಎತ್ತಿರಲಿಲ್ಲ. ಕಾದರೋ, ಕಾಯುತ್ತಿದ್ದರೋ ಎಂದು ನಾನು ಇಷ್ಟು ವರ್ಷ ಅಂಜಿ ಮುಟ್ಟದೆ ಇಟ್ಟಿದ್ದ ವಾಕ್ಯದಲ್ಲಿ ಕ್ರಿಯಾಪದವೇ ಸುಳ್ಳು. ಕಾಲ ಯಾವುದಾದರೇನು? ಹಗುರವಾಗಬೇಕಿತ್ತು. ಆಗಲಿಲ್ಲ. ಬೆನ್ನಿನ ಮೇಲೆ ಹೊತ್ತದ್ದನ್ನು ಯಾರೋ ಹಠಾತ್ತನೆ ಎಳೆದುಕೊಂಡಂತಾಗಿ ತೂರಾಡಿದೆ.

ಅಪ್ಪ ಹೋದದ್ದು ಮಾವನವರ ತಿಥಿಯಂದೇ. ಹಾಗಾಗಿ ಪ್ರತಿ ಫಾಲ್ಗುಣದಲ್ಲಿ ಆ ದಿನ ನಾನು ಶ್ರಾದ್ಧದ ಅಡುಗೆ ಮಾಡುತ್ತೇನೆ, ಬಡಿಸುತ್ತೇನೆ, ಆದರೆ ಊಟಕ್ಕೆ ಕೂರುವುದಿಲ್ಲ. ತಲೆನೋವೆನ್ನುತ್ತೇನೆ. ಅಪ್ಪ ನನಗಾಗಿ ಹಂಬಲಿಸುತ್ತಾ ಹೋದ ದಿನ ನನಗೆಂಥ ವಡೆ ಎಂಬ ಹಠ. ಹತ್ತು ತಿಥಿ ಹೀಗೇ ಕಳೆದಿದ್ದವು. ಪ್ರತಿ ಸಲವೂ ಅತ್ತೆ ನನಗೊಂದು ಎಲೆ ಹಾಕಿ, ವಡೆ ಬಡಿಸಿ, "ಒಂದಾದ್ರೂ ತಿನ್ನೇ, ತಿನ್ನೇ ಅಂತೀನಿ" ಎಂದು ಹಿಂದೆ ಮುಂದೆ ಸುತ್ತುತ್ತಿದ್ದರು. ನಾನು ರೇಗುತ್ತಿದ್ದೆ. ಒಂದು ವರ್ಷ ಎಲೆಯನ್ನು ಹಾಗೆಯೇ ಮಡಚಿ ಎಸೆದಿದ್ದೆ. ಅಪ್ಪ ಕೊಟ್ಟ ಸಂದೇಶವನ್ನು ಬಾಯಿಬಿಟ್ಟು ಹೇಳಲಾರದೆ ಅವರು ಎಲೆಯ ಮೇಲೆ ಬಡಿಸುತ್ತಿದ್ದರೆಂದು ನನಗೆ ಹೇಗೆ ತಿಳಿಯಬೇಕು?

ಮೂರು ವಾರಕ್ಕೆ ಮತ್ತೆ ತಿಥಿ ಬಂತು. ಆ ಮೂರು ವಾರ ನಾವಿಬ್ಬರೂ ಅಗತ್ಯಕ್ಕಿಂತ ಹೆಚ್ಚು ಮಾತಾಡಿರಲಿಲ್ಲ. ನನ್ನ ಗಂಡ ಎರಡು ಸಲ ಏನಾಯಿತೆಂದು ಕೇಳಿದರು, ಏನಿಲ್ಲ ಎಂದೆ. ಮಾವನವರ ಶ್ರಾದ್ಧದಲ್ಲಿ ಆದದ್ದು ಮಗನಿಗೆ ತಿಳಿಯಬಾರದೆಂದು ಅತ್ತೆ ಕೇಳಿಕೊಂಡಿದ್ದರು. ಅಪ್ಪನ ಮಾತೂ ಅದೇ ಆಗಿತ್ತು.

ಬ್ರಾಹ್ಮಣರ ಊಟವಾಗಿ, ನನ್ನ ಗಂಡನ ಊಟವೂ ಆದ ಮೇಲೆ ಅತ್ತೆ ಎಂದಿನಂತೆ ಎರಡು ಎಲೆ ಹಾಕಿದರು. ಈ ಸಲ ಬಾ ಎಂದು ಕರೆಯಲಿಲ್ಲ. ಬಡಿಸಿ, ಗೋಡೆ ಹಿಡಿದುಕೊಂಡು ನಿಂತಿದ್ದರು. ನಾನು ಹೋಗಿ ಕೂತೆ. ಹಾಲ್‌ನಲ್ಲಿ ತಾಂಬೂಲ ಹಾಕಿಕೊಳ್ಳುತ್ತಿದ್ದ ನನ್ನ ಗಂಡ ಬೆರಗಾಗಿ, "ಇವತ್ತು ತಲೆನೋವಿಲ್ವಾ?" ಎಂದರು. ಇಲ್ಲ, ಹಸಿವಾಗಿದೆ ಎಂದೆ. ವಡೆ ಮುರಿದು ಬಾಯಿಗಿಟ್ಟೆ. ನೀರು ಕುಡಿದು ನುಂಗಿದೆ. ಅತ್ತೆ ಇನ್ನೊಂದು ಹಾಕಿದರು. ಅದನ್ನೂ ತಿಂದೆ. ಮೂರನೆಯದಕ್ಕೂ ಬೇಡವೆನ್ನಲಿಲ್ಲ. ಪಾಯಸ ಬಡಿಸುವಾಗ ಸ್ವಲ್ಪ ಎಲೆಯ ಹೊರಗೆ ಚೆಲ್ಲಿತು. ನಾನು ಬೆರಳಿಂದ ಎಲೆಗೆ ಎಳೆದುಕೊಂಡೆ.

ಎಲೆ ಮಡಚಿ ಎದ್ದು ಕೈ ತೊಳೆದೆ. ಊಟ ಮುಗಿಸಿಕೊಂಡು ಬಾ ಎಂದಿದ್ದರು ಅಪ್ಪ. ಊಟ ಮುಗಿದಿತ್ತು. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಸೆರಗಿಗೆ ಕೈ ಒರೆಸುತ್ತಾ ನಿಂತುಬಿಟ್ಟೆ.